ಕೂಡ್ರಾಕೊಂದು ಕಲ್ಲು

“ತಮ್ಮಾ, ಒಂದ ಕಲ್ಲಿಗೆ ಎಷ್ಟ ರೊಕ್ಕ ಕೇಳತಾನ ಗೊತ್ತೈತೇನು? ಅಷ್ಟರಾಗ ಒಂದ ಆಕಳ ಕರಾ ಬರತೈತಿ. ಕರಾ ಆದರ ನಾಳೆ ಹಾಲರ ಕೊಡತೈತಿ. ಈ ಕಲ್ಲ ಏನ ಕೊಡತೈತಿ?”

ಬೇಲಿಯ ಆಚೆಯಿಂದ ಕಾಕಾ ಮಾತು ತೆಗೆದದ್ದು ಹೀಗೆ. ಕಾಕಾ ನನಗೆ ರಕ್ತಸಂಬಂಧಿಯೇನಲ್ಲ. ಓಣಿಯ ಅರ್ಧ ಜನಕ್ಕೆ ಲೆಕ್ಕ ಕಲಿಸಿ, ಉಳಿದರ್ಧಕ್ಕೆ ಕಿವಿ ಹಿಂಡಿ ನಿವೃತ್ತರಾದ ಮಾಸ್ತರು. ಶಾಲೆ ಬಿಟ್ಟ ಮೇಲೆ ಅವರ ತರಗತಿ ನಡೆಯುವುದು ಈ ತಂತಿ ಬೇಲಿಯ ಮೇಲೆಯೇ. ಒಂದು ಕೈ ಕಂಬದ ಮೇಲೆ, ಇನ್ನೊಂದು ಕೈಯಲ್ಲಿ ಚಹಾದ ಬಟ್ಟಲು.

ವಿಷಯ ಇಷ್ಟೇ. ಪುಣೆಯಲ್ಲಿರುವ ಮಗ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದಾನೆ. ಹಸಿರು ಹುಲ್ಲಿನ ನಡುವೆ ನಾಲ್ಕು ದೊಡ್ಡ ಹಾಸುಗಲ್ಲು, ದುಂಡಗೆ ಇಟ್ಟದ್ದು, ನಡುವೆ ಬೆಂಕಿ ಹಾಕಲು ಒಂದು ಕುಣಿ. ‘ಅಪ್ಪಾ, ನಮ್ಮ ಹಿತ್ತಲದಾಗ ಹಿಂಗ ಮಾಡಸ್ರಿ, ನಾವು ಬಂದಾಗ ಎಲ್ಲಾರೂ ಕೂಡ್ರೂಣು’ ಎಂದು ಕೆಳಗೆ ಬರೆದಿದ್ದಾನೆ. ಕಾಕಾ ಮೊಬೈಲನ್ನು ಬೇಲಿಯ ಮೇಲಿಂದ ಚಾಚಿ ತೋರಿಸಿದರು.

“ಕಾಕಾ, ಕಲ್ಲು ಬೇಷ್ ಅದಾವ. ಆದರ ಈ ಬೆಂಕಿ ಕುಣಿ ಯಾಕ್ರಿ? ಸವದತ್ತಿ ಬ್ಯಾಸಗಿಯೊಳಗ ಬೆಂಕಿ ಹಚಗೊಂಡು ಯಾರ ಕೂಡ್ರತಾರ?”

“ಅದನ್ನ ನಾನೂ ಕೇಳೀನಿ. ‘ಅದು ನೋಡಾಕ ಚಂದ ಕಾಣತೈತಿ ಅಪ್ಪಾ’ ಅಂದ. ನೋಡಾಕ ಚಂದ ಇರೂದು ಬೆಂಕಿಪಟ್ನಾನೂ ಐತಿ.”

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿದ್ದುಕೊಂಡು ಕಲ್ಲನ್ನು ರೊಕ್ಕ ಕೊಟ್ಟು ಕೊಳ್ಳುವುದೆಂದರೆ ನನಗೂ ನಗು ಬಂತು. ನಮ್ಮ ಊರಿಗೆ ಅಣೆಕಟ್ಟು ಬಂದದ್ದೇ ಕಲ್ಲಿನಿಂದ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಬಯಲಿನಲ್ಲಿ ಆರಾಮಾಗಿ ಹರಿದು ಬಂದು, ಇಲ್ಲಿ ಗುಡ್ಡದ ಸಾಲು ಅಡ್ಡ ಬಂದಾಗ ಸುತ್ತಿ ಹೋಗಲಿಲ್ಲ, ಕೊರೆದು ಹೋಯಿತು. ಆ ಇಕ್ಕಟ್ಟಾದ ಕೊರಕಲಿಗೇ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು. ಎತ್ತರ 40 ಮೀಟರ್, ಉದ್ದ ನೂರೈವತ್ತು ಮೀಟರಿನ ಆಸುಪಾಸು. ಅಷ್ಟು ಚಿಕ್ಕ ಗೋಡೆಯ ಹಿಂದೆ 37.73 ಟಿಎಂಸಿ ನೀರು ನಿಲ್ಲುತ್ತದೆ. ಉಳಿದ ಗೋಡೆಯ ಕೆಲಸವನ್ನು ಎರಡೂ ದಂಡೆಯ ಗುಡ್ಡಗಳು ಕೂಲಿಯಿಲ್ಲದೆ ಮಾಡುತ್ತಿವೆ. ಭೂವಿಜ್ಞಾನಿಗಳು ಈ ಕಲ್ಲನ್ನು ಕಲಾದಗಿ ಶ್ರೇಣಿ ಎನ್ನುತ್ತಾರೆ. ನೂರು ಕೋಟಿ ವರ್ಷಕ್ಕೂ ಹಿಂದೆ ನೀರಿನ ತಳದಲ್ಲಿ ಪದರು ಪದರಾಗಿ ಕೂತ ಮರಳು, ಗಟ್ಟಿಯಾಗಿ ಬೆಣಚುಗಲ್ಲಿನಂತಾಗಿದೆ. ಅಷ್ಟು ವರ್ಷ ಕೂತೇ ಇದ್ದ ಕಲ್ಲಿನ ಮೇಲೆ ನಾವು ಸಂಜೆ ಅರ್ಧ ತಾಸು ಕೂಡ್ರಲು ಇಷ್ಟೆಲ್ಲ ಚರ್ಚೆ!

“ಹಂಗಾದರ ಕೊಳ್ಳೂದ್ಯಾಕ? ಹೊಳಿದಂಡ್ಯಾಗ ಬಿದ್ದಾವಲ್ಲ,” ಎಂದರು ಕಾಕಾ. “ಇಲ್ಲಾಂದರ ಹೂಲಿಗೆ ಹೋಗೂಣು. ಎಷ್ಟ ಚಂದ ಕಡದ ಕಲ್ಲ ಹೊಲದಾಗ ಬಿದ್ದಾವ ಅಲ್ಲಿ. ಟ್ರ್ಯಾಕ್ಟರ್ ನಮ್ಮ ಅಳಿಯಂದೈತಿ.”

ನಾನು ತಲೆ ಮೇಲೆ ಕೈ ಇಟ್ಟುಕೊಂಡೆ. ಹೂಲಿ ಸವದತ್ತಿಗೆ ಮಗ್ಗುಲಲ್ಲೇ ಇದೆ. ಅಲ್ಲಿಯ ಪಂಚಲಿಂಗೇಶ್ವರ ಗುಡಿಯನ್ನು ನೋಡಿದವರಿಗೆ ಗೊತ್ತು, ಕಲ್ಯಾಣ ಚಾಲುಕ್ಯರ ಕಾಲದ ಕೆಲಸ ಅದು. ಆ ಊರಿನ ಸುತ್ತ ಬಿದ್ದ ಒಂದೊಂದು ಕಲ್ಲೂ ಯಾವುದೋ ಗುಡಿಯ ಎಲುಬು. ಸವದತ್ತಿಯೆಂದರೆ ಒಂದು ಕಾಲಕ್ಕೆ ರಟ್ಟ ಅರಸರ ರಾಜಧಾನಿ. ಅವರ ಶಾಸನಗಳನ್ನು ನೂರೈವತ್ತು ವರ್ಷದ ಹಿಂದೆಯೇ ಫ್ಲೀಟ್ ಎಂಬ ಸಾಹೇಬ ಓದಿ ಅಚ್ಚು ಹಾಕಿಸಿದ. ಇಂಥ ಸೀಮೆಯಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೆ ಕೆಳಗೆ ವೀರಗಲ್ಲು, ದನ ಕಟ್ಟುವ ಗೂಟ ನೋಡಿದರೆ ಗುಡಿಯ ಕಂಬ. ಕರ್ನಾಟಕದ ಹಳ್ಳಿಗಳಲ್ಲಿ ಇದು ಹೊಸ ಕಥೆಯಲ್ಲ.

“ಕಾಕಾ, ನೀವು ಮಾಸ್ತರು. ಅಕ್ಷರ ಇದ್ದ ಕಲ್ಲಿನ ಮ್ಯಾಲ ನೀವs ಕುಂತರ ಹುಡುಗ್ರು ಏನಂದಾರು?”

“ನಾ ಲೆಕ್ಕದ ಮಾಸ್ತರಪಾ,” ಎಂದರು. ಆದರೂ ಹೂಲಿಯ ಮಾತು ಅಲ್ಲಿಗೆ ನಿಂತಿತು. ಕೋಟೆ, ಗುಡಿ, ಅಣೆಕಟ್ಟಿನ ಮಗ್ಗುಲು, ಹೊಳೆಯ ಪಾತ್ರ, ಇವುಗಳ ಕಲ್ಲಿಗೆ ಕೈ ಹಚ್ಚುವಂತಿಲ್ಲ. ಸ್ವಂತ ಹೊಲದ್ದೇ ಆದರೂ ಕಡಿದು ಮಾರಲು ಗಣಿ ಇಲಾಖೆಯ ಪರವಾನಗಿ ಬೇಕು. ದಾರಿ ಉಳಿಯುವುದು ಒಂದೇ: ಮಡ್ಡಿ ಹೊಲದ ರೈತನನ್ನು ಕೇಳುವುದು. ರಂಟಿ ಹೊಡೆಯುವಾಗ ಅಡ್ಡ ಬಂದ ಕಲ್ಲನ್ನೆಲ್ಲ ಆರಿಸಿ ಬದುವಿನ ಮೇಲೆ ಒಟ್ಟಿರುತ್ತಾರೆ. ‘ಒಯ್ಯೂದಾದರ ಒಯ್ಯಿರಿ, ಪುಣ್ಯಾ ಬರತೈತಿ’ ಎನ್ನುವವರೇ ಹೆಚ್ಚು.

ಇಲ್ಲಿ ನಮ್ಮ ಗೌಂಡಿ ಅಜ್ಜನ ಪ್ರವೇಶ. ಕಾಕಾನ ಹಿತ್ತಲಿಗೆ ಅಳತೆ ನೋಡಲು ಬಂದವನು ಅಳತೆ ಬಿಟ್ಟು ಬೇಲಿಗೆ ಆನಿಕೊಂಡು ನಿಂತ. ನಮ್ಮ ಬೇಲಿಗೆ ಆ ಗುಣವಿದೆ. ಅವನು ಕೇಳಿದ ಮೊದಲ ಪ್ರಶ್ನೆ ಕಲ್ಲಿನದಲ್ಲ, ನೆಲದ್ದು.

“ಮಾಸ್ತರ, ನಿಮ್ಮ ಹಿತ್ತಲ ಎರಿನೋ ಮಸಾರಿನೋ ಮಡ್ಡಿನೋ?”

ಚಿತ್ರದಲ್ಲಿ ಕಾಣದ ಸಂಗತಿ ಇದು. ಬೈಲಹೊಂಗಲದಲ್ಲಿ ನಮ್ಮ ಬೀಗರ ಮನೆಯಿದೆ. ಹತ್ತಿಗೆ ಹೆಸರಾದ ಎರಿ ಭೂಮಿ. ಕೈಗೆ ಹಿಡಿದರೆ ಬೆಣ್ಣೆ. ಅವರು ಒಬ್ಬ ಅಂಗಡಿಯವನಿಂದ ಮಿರಿಮಿರಿ ಮಿಂಚುವ ಗ್ರಾನೈಟ್ ಬೆಂಚು ತರಿಸಿ ಅಂಗಳದಲ್ಲಿ ಇಡಿಸಿದರು. ಒಂದು ಮಳೆಗಾಲ ಕಳೆಯಿತು. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಇಳಿಯುತ್ತದೆ. ಬೆಂಚಿನ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಈಗ ಅದರ ಮೇಲೆ ಇಬ್ಬರು ಕೂತರೆ ಮಾತು ಮುಗಿಯುವುದರೊಳಗೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ಹೊಸದಾಗಿ ಮದುವೆಯಾದವರಿಗೆ ಅಡ್ಡಿಯಿಲ್ಲ, ಬೀಗರು ಬೀಗರು ಕೂಡ್ರುವುದು ಕಷ್ಟ.

ಅಜ್ಜನ ಪ್ರಕಾರ ಎರಿಯಲ್ಲಿ ಕಲ್ಲು ಇಡುವ ಮುಂಚೆ ಎರಡು ಅಡಿಯಾದರೂ ತೋಡಬೇಕು. ತೋಡಿದ ಕಪ್ಪು ಮಣ್ಣನ್ನು ಮರಳಿ ಹಾಕುವಂತಿಲ್ಲ. ಅದನ್ನು ಹೂವಿನ ಮಡಿಗೆ ಒಯ್ಯಿರಿ, ಗಿಡಗಳಾದರೂ ಹರಸುತ್ತವೆ. ತೋಡಿದಲ್ಲಿಗೆ ಗರಸು ಹಾಕಿ, ಅರ್ಧ ಅಡಿಗೊಮ್ಮೆ ನೀರು ಹೊಡೆದು, ದಿಮ್ಮಸು ಬಡಿದು, ಅದರ ಮೇಲೆ ಮತ್ತೆ ಗರಸು. ಸುತ್ತಲ ನೀರು ಬಂದು ಅಲ್ಲಿ ನಿಲ್ಲದಂತೆ ಒಂದು ಕಡೆ ಹರಿ ತೆಗೆಯಬೇಕು. ಮಡ್ಡಿಯಾದರೆ ಈ ತಾಪತ್ರಯ ಕಡಿಮೆ, ಅರ್ಧ ಅಡಿ ಕೆರೆದರೆ ಗಟ್ಟಿ ನೆಲ ಸಿಗುತ್ತದೆ. ಕಾಕಾನ ಹಿತ್ತಲು ಗುಡ್ಡದ ಬುಡದ್ದು, ಮಡ್ಡಿಯೇ. “ಮಡ್ಡ್ಯಾಗ ಏನೂ ಬೆಳ್ಯಾಂಗಿಲ್ಲ ಅಂತ ನಿಮ್ಮ ಕಾಕು ದಿನಾ ಬೈತಿದ್ದಳು,” ಎಂದು ಕಾಕಾ ಜಂಬದಿಂದ ಹೇಳಿದರು, “ನೋಡು, ಕಲ್ಲರೆ ಬೆಳೀತಾವ!”

ಕಲ್ಲಿನ ವಿಷಯಕ್ಕೆ ಬಂದಾಗ ಅಜ್ಜ ಇನ್ನೊಂದು ಮಾತು ಹೇಳಿದ. ಪದರುಗಲ್ಲು ಭೂಮಿಯಲ್ಲಿ ಹ್ಯಾಗೆ ಮಲಗಿತ್ತೋ ನಮ್ಮ ಹಿತ್ತಲಲ್ಲೂ ಹಾಗೆಯೇ ಮಲಗಬೇಕು. ಅಡ್ಡಡ್ಡ ಇದ್ದ ಪದರನ್ನು ಉದ್ದುದ್ದ ನಿಲ್ಲಿಸಿದರೆ ಮಳೆಯ ನೀರು ಪದರಿನ ಸಂದಿಗೆ ಇಳಿದು, ವರ್ಷಕ್ಕೊಂದು ಹಪ್ಪಳ ಕಿತ್ತುಕೊಂಡು ಬರುತ್ತದೆ. ನಮ್ಮ ಭಾಗದ ಬೆಣಚಿನಂಥ ಕಲ್ಲು ಚಾಣಕ್ಕೆ ಬಗ್ಗುವುದಿಲ್ಲ, ಹೊಡೆದರೆ ಕಿಡಿ ಹಾರುತ್ತದೆ. ಆದರೆ ಪದರಿನ ಗುಂಟ ತಾನೇ ಒಡೆದು ಹಾಸಿನಂತೆ ಬರುತ್ತದೆ. ಅದಕ್ಕೆ ಪಾಲಿಶ್ ಮಾಡಿಸುವ ಆಸೆ ಬಿಟ್ಟು, ಒಡೆದು ಬಂದ ಮುಖವನ್ನೇ ಮೇಲೆ ಮಾಡಿ ಇಟ್ಟರಾಯಿತು.

ಅಜ್ಜ ಹೇಳಿದಂಥದೇ ಮಾತು ಜಪಾನಿನಲ್ಲೂ ಇದೆ. ಅಲ್ಲಿ ‘ಸಕುತೇಕಿ’ ಎಂಬ ಹಳೆಯ ತೋಟಗಾರಿಕೆಯ ಕೈಪಿಡಿಯಿದೆ, 11ನೇ ಶತಮಾನದ್ದು. ತೋಟವೆಂದರೆ ಅವರಿಗೆ ಮೊದಲು ಕಲ್ಲು ಇಡುವ ಕೆಲಸ, ಆಮೇಲೆ ಗಿಡ. ಮೂಲದಲ್ಲಿ ಮಲಗಿದ್ದ ಕಲ್ಲನ್ನು ನಿಲ್ಲಿಸಬಾರದು, ನಿಂತದ್ದನ್ನು ಮಲಗಿಸಬಾರದು, ಹಾಗೆ ಮಾಡಿದರೆ ಮನೆಯವರಿಗೆ ಕೇಡು ಎಂದು ಅದರಲ್ಲಿ ನಿಷೇಧವಿದೆ. ಕಲ್ಲಿನ ಬುಡವನ್ನು ಆಳಕ್ಕೆ ಹೂಳಬೇಕು ಎಂಬುದೂ ಇದೆ. ನಮ್ಮ ಅಜ್ಜನಿಗೆ ಇದನ್ನು ಹೇಳಿದೆ. “ಹೌದಾ? ಅವರಿಗೂ ಗೊತ್ತೈತೇನು?” ಎಂದ. ಅಲ್ಲಿಯವರಿಗೆ ದೋಷ, ಇಲ್ಲಿಯವನಿಗೆ ಮಳೆಗಾಲದ ಅನುಭವ. ನನಗೆ ಅಜ್ಜನ ಕಾರಣವೇ ಹೆಚ್ಚು ನಂಬಿಕೆಯದು.

  

ಕಾಕಾ ಅಷ್ಟರಲ್ಲಿ ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಲೆಕ್ಕ ಶುರು ಮಾಡಿದ್ದರು. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅರ್ಧ ಅಡಿ ದಪ್ಪ. ಗುಣಿಸಿದರೆ ಮೂರೂ ಮುಕ್ಕಾಲು ಘನ ಅಡಿ. ಒಂದು ಘನ ಅಡಿ ಕಲ್ಲು ಸುಮಾರು 75 ಕೆಜಿ ತೂಗುತ್ತದೆ. “ಎರಡ ನೂರಾ ಎಂಬತ್ತ ಕೆಜಿ!” ಎಂದು ಕೂಗಿದರು. “ಮಗಗ ಹೇಳತೀನಿ, ನೀನs ಬಂದು ಎತ್ತು ಅಂತ.”

ಎತ್ತುವುದೇನೂ ಬೇಡ, ಅಜ್ಜನಿಗೆ ಎತ್ತದೆ ಸರಿಸುವ ವಿದ್ಯೆ ಗೊತ್ತು. ಎರಡು ಹಾರಿ, ಮೂರು ದುಂಡನೆಯ ಕಬ್ಬಿಣದ ಪೈಪು, ಒಂದಿಷ್ಟು ಕಟ್ಟಿಗೆಯ ತುಂಡು. ಹಾರಿಯಿಂದ ಮೀಟಿ ಪೈಪಿನ ಮೇಲೆ ಏರಿಸಿದರೆ ಕಲ್ಲು ತಾನೇ ಉರುಳಿಕೊಂಡು ಬರುತ್ತದೆ. ಹಿಂದೆ ಬಿದ್ದ ಪೈಪನ್ನು ಮುಂದೆ ತಂದು ಹಾಕುವ ಹುಡುಗನೊಬ್ಬ ಬೇಕು. ಒಂದು ನೇಮ: ಕಲ್ಲಿನ ಕೆಳಗೆ ಕಟ್ಟಿಗೆಯ ತುಂಡು ಹೋಗಲಿ, ಬೆರಳು ಹೋಗಬಾರದು.

ಇಷ್ಟರಲ್ಲಿ ಕಾಕು ಒಳಗಿನಿಂದ ಬಂದರು. ಅವರ ಪ್ರಶ್ನೆಗಳಿಗೆ ಪುಣೆಯ ಚಿತ್ರದಲ್ಲಿ ಉತ್ತರವೇ ಇರಲಿಲ್ಲ.

“ಎತ್ತರ ಎಷ್ಟ ಇಡಾವ ನೀ?” ಎಂದು ಅಜ್ಜನನ್ನು ಕೇಳಿದರು. “ಅದರಾಗ ನೋಡಿದರ ಕಲ್ಲ ನೆಲಕ್ಕ ಹತ್ತೇತಿ. ನನಗ ಮೊಣಕಾಲ ಬ್ಯಾನಿ. ಹಂಥಾದ್ದರ ಮ್ಯಾಲ ಕುಂತರ ನನ್ನ ಎಬ್ಬಸಾಕೂ ಹಾರಿ ಬೇಕು.”

ನಿಜವಾದ ಮಾತು. ಚಿತ್ರಕ್ಕೆ ತಗ್ಗು ಕಲ್ಲು ಚಂದ, ಮೊಣಕಾಲಿಗೆ ಒಂದೂವರೆ ಅಡಿ. ವಯಸ್ಸಾದವರಿದ್ದರೆ ಇನ್ನೊಂದು ಇಂಚು ಹೆಚ್ಚಾದರೂ ನಡೆಯುತ್ತದೆ. ಅಗಲ ಒಂದೂಕಾಲು ಅಡಿಗಿಂತ ಕಡಿಮೆ ಇದ್ದರೆ ಕೂತವರು ಜಾರುತ್ತಲೇ ಇರುತ್ತಾರೆ. ಮೇಲ್ಮೈಯನ್ನು ಮುಂದಕ್ಕೆ ಅರ್ಧ ಇಂಚು ಇಳಿಸಬೇಕು, ಇಲ್ಲದಿದ್ದರೆ ಮಳೆ ನಿಂತು ತಾಸಾದರೂ ಕಲ್ಲಿನ ಮೇಲೆ ನೀರು ನಿಂತಿರುತ್ತದೆ, ಆ ನೀರಿನಲ್ಲಿ ಪಾಚಿ, ಪಾಚಿಯ ಮೇಲೆ ಕೂತವರ ಧೋತರದಲ್ಲಿ ಹಸಿರು ನಕಾಶೆ. ಆಸನಕ್ಕೆ ಕಾಲಾಗಿ ನಿಲ್ಲುವ ಕಲ್ಲುಗಳ ಮೂರರಲ್ಲಿ ಒಂದು ಪಾಲು ನೆಲದೊಳಗಿರಲಿ.

ಬೆನ್ನಿಗೆ ಆಸರೆ ಬೇಕೋ ಬೇಡವೋ ಎಂಬ ಚರ್ಚೆಯೂ ಎದ್ದಿತು. ಇದಕ್ಕೆ ನಮ್ಮ ಹೊಳೆ ಮುಂದೆ ಹರಿದು ಹೋಗುವ ದಾರಿಯಲ್ಲೇ ಉತ್ತರವಿದೆ. ಇದೇ ಮಲಪ್ರಭೆ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟಿ ಕೂಡಲಸಂಗಮಕ್ಕೆ ಹೋಗುತ್ತಾಳೆ. ಐಹೊಳೆಯ ಲಾಡಖಾನ ಗುಡಿಯ ಮುಖಮಂಟಪದಲ್ಲಿ ಕಕ್ಷಾಸನಗಳಿವೆ. ಕೂಡ್ರುವ ಕಲ್ಲು, ಅದರ ಹಿಂದೆ ಹೊರಗೆ ವಾಲಿಸಿ ನಿಲ್ಲಿಸಿದ ಹಲಗೆಗಲ್ಲು. ಆ ವಾಲಿಕೆಯಲ್ಲಿಯೇ ಚಾಲುಕ್ಯರ ಶಿಲ್ಪಿಯ ಜಾಣತನ ಇರುವುದು. ನೆಟ್ಟಗೆ ನಿಲ್ಲಿಸಿದ ಕಲ್ಲಿಗೆ ಮನುಷ್ಯನ ಬೆನ್ನು ಒಗ್ಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಈಗಿನ ಬಸ್ ನಿಲ್ದಾಣಗಳ ಆಸನ ಮಾಡಿಸುವವರು ಒಮ್ಮೆ ಐಹೊಳೆಗೆ ಹೋಗಿ ಹತ್ತು ನಿಮಿಷ ಕೂತು ಬಂದರೆ ಪ್ರಯಾಣಿಕರು ಕೈಮುಗಿದಾರು. ಮನೆಯ ಹಿತ್ತಲಿಗೆ ಅಷ್ಟು ಕೆಲಸ ಬೇಡವೆಂದರೆ ಗೋಡೆಗೋ ಬದುವಿಗೋ ಆನಿಸಿ ಕಲ್ಲು ಇಟ್ಟರೆ ಆಯಿತು.

ಶಹಾಬಾದ ಫರಸಿ ಹಾಕಿಸಿದರೆ ಹ್ಯಾಗೆ ಎಂದು ಕಾಕಾ ಕೇಳಿದರು. ಅಗ್ಗ, ನುಣುಪು, ಉತ್ತರ ಕರ್ನಾಟಕದ ಪಡಸಾಲೆಗಳೆಲ್ಲ ಅದರವೇ. ಆದರೆ ಅದು ತೆಳುವು; ಎರಡು ಕಾಲಿನ ಮೇಲೆ ಅಡ್ಡ ಇಟ್ಟು ಮೂವರು ಕೂತರೆ ನಡುವೆ ಟಪ್ಪೆಂದು ಮುರಿಯುತ್ತದೆ. ಕೆಳಗೆ ಪೂರ್ತಿ ಕಟ್ಟಿದ ಕಟ್ಟಿಯ ಮೇಲೆ ಹಾಸಿದರೆ ಸರಿ. ಅದು ಸುಣ್ಣದ ಅಂಶದ ಕಲ್ಲು, ಹುಳಿಗೆ ಆಗದು. ನಿಂಬೆಹಣ್ಣು, ಹುಣಸೆ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಹಿತ್ತಲ ಕಟ್ಟಿಯ ಮೇಲೆ ಹುಣಸೆ ಕುಟ್ಟದ ಮನೆ ನಮ್ಮಲ್ಲಿ ಎಲ್ಲಿದೆ?

ಕರಿಕಲ್ಲಿನ ಹುಚ್ಚು ಕೆಲವರಿಗೆ. ನೋಡಲು ಗಂಭೀರವಾಗಿರುತ್ತದೆ, ಒಪ್ಪಿದೆ. ಆದರೆ ಏಪ್ರಿಲ್ ತಿಂಗಳು ಬಿಸಿಲಲ್ಲಿ ಬಿದ್ದ ಕರಿಕಲ್ಲಿನ ಮೇಲೆ ಸಂಜೆ ಆರಕ್ಕೆ ಕೂತವನು ಹಂಚಿನ ಮೇಲಿನ ರೊಟ್ಟಿಯಂತೆ ಬೇಯುತ್ತಾನೆ. ಕಲ್ಲು ಬಿಸಿಲನ್ನು ಕೂಡಿಟ್ಟುಕೊಂಡು ಕತ್ತಲಾದ ಮೇಲೂ ಕೊಡುತ್ತಿರುತ್ತದೆ. ಅದಕ್ಕೇ ಬಣ್ಣಕ್ಕಿಂತ ನೆರಳು ಮುಖ್ಯ. ಗಿಡದ ಅಥವಾ ಮನೆಯ ಮೂಡಲಿಗೆ ಕಲ್ಲು ಇದ್ದರೆ ಮಧ್ಯಾಹ್ನ ತಿರುಗುತ್ತಲೇ ನೆರಳು ಅದರ ಮೇಲೆ ಬೀಳುತ್ತದೆ, ಸಂಜೆಯ ಹೊತ್ತಿಗೆ ಕಲ್ಲು ತಣ್ಣಗಾಗಿರುತ್ತದೆ. ಪಡುವಲಿಗೆ ಇಟ್ಟರೆ ಬೆಳಗಿನ ಚಹಾಕ್ಕೆ ಮಾತ್ರ ಉಪಯೋಗ. ಬೇವಿನ ಬುಡಕ್ಕೇ ಹತ್ತಿಸಿ ಕಟ್ಟುವುದೂ ಬೇಡ. ಬೊಡ್ಡೆಯ ಸುತ್ತ ಮಣ್ಣು ಏರಿಸಿ ಸಿಮೆಂಟ್ ಬಳಿದರೆ ಬೇರಿಗೆ ಉಸಿರಿಲ್ಲ, ಬೊಡ್ಡೆಯ ತೊಗಟೆ ಕೊಳೆಯುತ್ತದೆ. ಮೂರು ನಾಲ್ಕು ಅಡಿ ದೂರ ಬಿಟ್ಟು, ಗಾರೆಯಿಲ್ಲದೆ ಒಣಗಲ್ಲಿನಿಂದ ಕಟ್ಟಿದರೆ ನೀರೂ ಇಳಿಯುತ್ತದೆ, ಗಿಡವೂ ಉಳಿಯುತ್ತದೆ.

ಒಣಗಲ್ಲು ಎಂದ ಕೂಡಲೇ ಕಾಕು ಹೇಳಿದರು, “ಚೇಳು.” ಒಂದೇ ಶಬ್ದ. ಗುಡ್ಡದ ಬುಡದಲ್ಲಿದ್ದವರಿಗೆ ವಿವರಣೆ ಬೇಡ. ಕಲ್ಲಿನ ಸಂದಿ ತಂಪಾಗಿದ್ದರೆ ಚೇಳಿಗೆ ಅದು ಅರಮನೆ, ಒಮ್ಮೊಮ್ಮೆ ಹಾವಿಗೂ. ಆಸನದ ಕೆಳಗಿನ ಸಂದಿಗಳಿಗೆ ಚೂರುಗಲ್ಲು ಬಡಿದು ಮಣ್ಣು ಮೆತ್ತಬೇಕು. ಇಲ್ಲವೇ ಕೆಳಗೆ ಪೂರ್ತಿ ಬಯಲು ಬಿಟ್ಟು, ಕಸಬರಿಗೆ ಆಡುವಷ್ಟು ಜಾಗ ಇರಬೇಕು. ಅರ್ಧಂಬರ್ಧ ಸಂದಿಯೇ ಅಪಾಯ.

ಎಲ್ಲ ಆಯಿತು, ಇನ್ನು ಎಲ್ಲಿ ಇಡುವುದು? ಕಾಕಾನ ಮನಸ್ಸು ಚಿತ್ರದಂತೆ ಹಿತ್ತಲ ನಟ್ಟನಡುವೆ. ನನ್ನ ತಕರಾರು ಇದ್ದದ್ದು ಅಲ್ಲೇ. ನಮ್ಮ ಊರುಗಳ ಕಟ್ಟಿಗಳನ್ನು ನೋಡಿ. ಅಗಸಿ ಕಟ್ಟಿ ಊರ ಬಾಗಿಲಲ್ಲಿರುತ್ತದೆ, ಅಲ್ಲಿ ಬಂದವರು ಹೋದವರು ಕಾಣುತ್ತಾರೆಂದು. ಮನೆಯ ಜಗಲಿ ಕಟ್ಟಿ ಬೀದಿಗೆ ಮುಖ ಮಾಡಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮಂದಿ ಚಕ್ಕಡಿ ಬಿಟ್ಟು ಕೂಡ್ರುವುದು ಯಾರೋ ಮಾಡಿಟ್ಟ ಉದ್ಯಾನದಲ್ಲಲ್ಲ, ನೆರಳು ಮತ್ತು ನೀರು ಎರಡೂ ಸಿಗುವ ಯಾವುದೋ ಬಂಡೆಯ ಮೇಲೆ. ಮಂದಿ ತಾವಾಗಿ ನಿಲ್ಲುವ ಜಾಗಕ್ಕೆ ಕಲ್ಲು ಹೋಗಬೇಕು. ಕಲ್ಲು ಇಟ್ಟು ‘ಬರ್ರಿ, ಕೂಡ್ರ್ರಿ’ ಎಂದು ಕರೆದರೆ ಯಾರೂ ಬರುವುದಿಲ್ಲ. ಅಂಥ ಎಷ್ಟೋ ಆಸನಗಳ ಮೇಲೆ ಇವತ್ತು ಒಣಗಲು ಹಾಕಿದ ಕೌದಿಗಳು ಕೂತಿವೆ.

“ಕಾಕಾ, ನಾವಿಬ್ಬರೂ ದಿನಾ ಎಲ್ಲಿ ನಿಂತು ಮಾತಾಡತೀವಿ?”

“ಇಲ್ಲೇ. ಬೇಲಿಗೆ.”

“ಮತ್ತ ಕಲ್ಲು ಎಲ್ಲಿರಬೇಕ್ರಿ?”

ಕಾಕಾ ಕಡ್ಡಿ ಕೆಳಗಿಟ್ಟು ಯೋಚಿಸಿದರು. ಬೇಲಿಯ ಎರಡು ಕಂಬಗಳ ನಡುವಿನ ತಂತಿ ಬಿಚ್ಚಿ, ಅಡ್ಡಕ್ಕೆ ಒಂದೇ ಕಲ್ಲು ಇಟ್ಟರೆ ಅರ್ಧ ಅವರ ಕಡೆ, ಅರ್ಧ ನಮ್ಮ ಕಡೆ. ನನ್ನ ಖರ್ಚೂ ಅರ್ಧ. ಲೆಕ್ಕದ ಮಾಸ್ತರರಿಗೆ ಅದು ಹಿಡಿಸಿತು. ಬೇಲಿಯ ನಮ್ಮ ಕಡೆಯ ಬೇವಿನ ನೆರಳು ಮಧ್ಯಾಹ್ನದ ಮೇಲೆ ಅಲ್ಲಿಗೇ ಬರುತ್ತದೆ ಎಂದು ಅಜ್ಜನೂ ಸೈ ಅಂದ.

ಕಾಕು ಮಾತ್ರ ಒಪ್ಪಲಿಲ್ಲ. “ನಿಮಗ ಮಾತಾಡಾಕ ಒಂದ ಕಲ್ಲ ಆತು. ನನಗ ಜ್ವಾಳಾ ಹಸನ ಮಾಡಾಕ, ಮೆಂತೇ ಪಲ್ಲೆ ಸೋಸಾಕ ನಳದ ಹತ್ತರ ಒಂದ ಬೇಕು. ಮದಲ ಅದನ್ನ ಇಡ್ರಿ. ಉಳದದ್ದನ್ನ ಬೇಲಿಗೆ ಒಯ್ಯಿರಿ.” ಅಜ್ಜ ಕೂಡಲೇ ಅಳತೆಯ ಪಟ್ಟಿ ಹಿಡಿದು ನಳದ ಕಡೆ ನಡೆದ. ಯಾರ ಮಾತಿಗೆ ಕೂಲಿ ಸಿಗುತ್ತದೆಂದು ಅವನಿಗೆ ಗೊತ್ತು. ಪುಣೆಯ ಮಗನಿಗೆ ಕಾಕಾ ಅದೇ ಸಂಜೆ ತಿಳಿಸಿದರು: ಕಲ್ಲು ಎರಡು, ಬೆಂಕಿ ಕುಣಿ ಇಲ್ಲ.

ನೀವೂ ಹಿತ್ತಲಿಗೆ ಕಲ್ಲು ತರಿಸುವ ವಿಚಾರದಲ್ಲಿದ್ದರೆ ಮುಂಗಾರಿಗೆ ಮೊದಲೇ ಇಡಿಸಿ, ಆದರೆ ಸಿಮೆಂಟ್ ಮುಟ್ಟಿಸಬೇಡಿ. ಒಂದು ಮಳೆಗಾಲ ಹಾಗೆಯೇ ಬಿಟ್ಟು, ದೀಪಾವಳಿಯ ಹೊತ್ತಿಗೆ ಮಟ್ಟ ಹಿಡಿದು ನೋಡಿ. ಸರಿದಿದ್ದರೆ ಹಾರಿಯಿಂದ ಮೀಟಿ ಕೆಳಗೆ ಗರಸು ತುಂಬಿ. ಸರಿಯದಿದ್ದರೆ ಸಿಮೆಂಟಿನ ರೊಕ್ಕ ಉಳಿಯಿತು.